ಕೊಟ್ಟಿಗೆಯಲ್ಲಿ ಉಂಡ ದಿನಗಳು

ಮೊದಲು ಕೆಟ್ಟದ್ದು ಕಾಫಿ. ಅತ್ತೆ ಎಂದಿನಂತೆ ಬೆಳಿಗ್ಗೆ ಲೋಟ ತಂದು ಮುಂದಿಟ್ಟರು. ಬಾಯಿಗೆ ತರುವಷ್ಟರಲ್ಲಿ ಅದರೊಳಗಿಂದ ಸತ್ತ ಇಲಿಯ ನಾತ ಎದ್ದು ಮುಖಕ್ಕೆ ಹೊಡೆಯಿತು. ಹಾಲು ಕೆಟ್ಟಿದೆ ಎಂದೆ. ಅತ್ತೆ ಮೂಸಿ ನೋಡಿದರು, ಒಂದು ಗುಟುಕು ಕುಡಿದರು, ಆಮೇಲೆ ಲೋಟವನ್ನೇ ಬರಿದು ಮಾಡಿದರು. ಆ ಹಾಲು ನಮ್ಮದೇ ಹಸುವಿನದು, ಆಗಷ್ಟೇ ಕರೆದದ್ದು.

ಮಾರನೆಯ ದಿನ ಈರುಳ್ಳಿ ಕೆಟ್ಟಿತು. ಆಮೇಲೆ ಬೆಳ್ಳುಳ್ಳಿ, ಸಾಸಿವೆ ಒಗ್ಗರಣೆ, ಹುರಿದ ಕಡಲೆಕಾಯಿ, ಹಲ್ಲುಜ್ಜುವ ಪೇಸ್ಟು, ಮೈಗೆ ಹಚ್ಚುವ ಸೋಪು. ಕೆಟ್ಟದ್ದು ಅವಲ್ಲ, ನನ್ನ ಮೂಗು ಎಂದು ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು. ಆ ನಾತವನ್ನು ಹೇಗೆ ವಿವರಿಸಲಿ? ಮೋರಿಯ ಪಕ್ಕದಲ್ಲಿ ಯಾರೋ ಹಳೆ ಟೈರು ಸುಡುತ್ತಿದ್ದಾರೆ, ಅದರ ಮೇಲೆ ಕೊಳೆತ ಮಾಂಸ ಹಾಕಿದ್ದಾರೆ, ನೀವು ಬಾಯಿ ತೆರೆದು ಅಲ್ಲೇ ನಿಂತಿದ್ದೀರಿ ಎಂದುಕೊಳ್ಳಿ. ಸ್ನಾನ ಮಾಡಿ ಬಂದರೆ ನನ್ನ ಮೈಯೇ ನಾರುತ್ತಿತ್ತು. ನನಗೆ ನಾನೇ ಹೇಸಿಗೆಯಾಗಿದ್ದೆ.

ಆ ವರ್ಷ ಮುಂಗಾರಿನಲ್ಲಿ ನನಗೆ ಕೊರೋನಾ ಬಂದಿತ್ತು. ಕೆಲವು ದಿನ ಜ್ವರ, ಕೆಮ್ಮು, ಆಮೇಲೆ ವಾಸನೆಯೇ ಇಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅರ್ಧ ಊರಿಗೆ ಹಾಗೇ ಆಗಿತ್ತು. ಉಳಿದವರಿಗೆಲ್ಲ ಬೇಗ ವಾಸನೆ ಮರಳಿತು. ನನಗೂ ಮರಳಿತು, ಮಹಾನವಮಿ ಕಳೆದ ಮೇಲೆ, ತಲೆಕೆಳಗಾಗಿ.

ತಮಿಳು ರಾಜ್ಯಕ್ಕೆ ಸೇರಿದ ಗಡಿಯ ಕನ್ನಡ ಊರು ಪಣಕಹಳ್ಳಿ, ನಾನು ಅದರ ಸೊಸೆ. ಪಕ್ಕದೂರಿನ ಕನ್ನಡ ಶಾಲೆಯಲ್ಲಿ ಟೀಚರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಮಗೆ ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ತವರಿನವರು ಕರೆದರೂ ನಾನು ಹೋಗಲಿಲ್ಲ, ಅತ್ತೆಯ ಜೊತೆಯೇ ಉಳಿದೆ. ಹಣೆಗೆ ವಿಭೂತಿ ಹಚ್ಚಿಕೊಂಡ ಇಬ್ಬರು ಹೆಂಗಸರು, ಒಂದು ಹಸು, ಅದರ ಕರು, ಇಷ್ಟೇ ನಮ್ಮ ಸಂಸಾರ. ಮಕ್ಕಳಾಗದ್ದಕ್ಕೆ ಊರು ಆಡಬೇಕಾದ್ದನ್ನೆಲ್ಲ ಆಡಿ ಮುಗಿಸಿದೆ ಎಂದುಕೊಂಡಿದ್ದೆ. ಮುಗಿಸಿರಲಿಲ್ಲ.

ಶಾಲೆಗಳು ಮತ್ತೆ ತೆರೆದದ್ದು ಆಗಲೇ. ಮಧ್ಯಾಹ್ನ ಮಕ್ಕಳಿಗೆ ಬಡಿಸುವ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ನನ್ನ ಕರುಳು ಕಿತ್ತು ಬರುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಶಾಲೆಯ ಹಿಂದಿನ ಬೇವಿನ ಮರದ ಬುಡಕ್ಕೆ ಓಡುತ್ತಿದ್ದೆ. ಮಕ್ಕಳು ತಟ್ಟೆ ಹಿಡಿದುಕೊಂಡು ನೋಡುತ್ತಿದ್ದವು. ಮಕ್ಕಳು ನೋಡಿದ್ದು ಮನೆಗೆ ಹೋಗದೆ ಇರುತ್ತದೆಯೇ?

ದೀಪಾವಳಿಗೆ ಬೀದಿಯ ಮನೆಮನೆಯಲ್ಲೂ ಎಣ್ಣೆ ಕಾಯಿತು. ಕಜ್ಜಾಯ, ವಡೆ. ಆ ಹಬ್ಬವನ್ನು ನಾನು ಬಚ್ಚಲಿನಲ್ಲಿ ಕೂತು ಕಳೆದೆ. ಹೊರಗೆ ಬಂದು ಜಗಲಿಯ ಮೇಲೆ ಕುಸಿದು ಕೂತಾಗ ಎದುರು ಮನೆಯವಳು ಕಜ್ಜಾಯದ ತಟ್ಟೆ ಹಿಡಿದು ನಿಂತಿದ್ದಳು. ಅವಳು ಕೆಟ್ಟವಳೇನಲ್ಲ. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಅವಳಿಗೆ ಮೊದಲು ತಿಳಿಯಬೇಕು, ಅಷ್ಟೇ.

“ಟೀಚ್ರಕ್ಕ, ಯಾಕ ಮೊಕ ಇಂಗಾಗದ? ಏನ್ ತಿಂದ್ರೂ ನಿಲ್ತಾ ಇಲ್ವಂತಲ್ಲ.”

“ನೆಲ್ಲಿಕಾಯಿ ತಿಂದ್ರ ಮಾತ್ರ ಸಮ ಆಯ್ತದ,” ಎಂದೆ.

ಅದು ನಿಜವೇ. ನಾಲಿಗೆ ಸರಿಯಾಗಿತ್ತು, ಹುಳಿ ಹುಳಿಯಾಗಿಯೇ ಇತ್ತು, ಅದಕ್ಕೆ ನಾತ ಇರಲಿಲ್ಲ. ಅವಳು ತಟ್ಟೆಯನ್ನು ನನ್ನಿಂದ ದೂರ ಸರಿಸಿ, ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ ಹೋದಳು. ಮಾರನೆಯ ದಿನ ಕಾಡಂಚಿನಿಂದ ತರಿಸಿದ ನೆಲ್ಲಿಕಾಯಿಯನ್ನು ಮಡಿಲು ತುಂಬ ತಂದು ಸುರಿದಳು. “ಇಟ್ಕಳಿ, ಬೇಕಾಯ್ತದ,” ಎಂದಳು. ಎಷ್ಟು ಒಳ್ಳೆಯವಳು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ.

ಅದರ ಅರ್ಥ ತಿಳಿದದ್ದು ನಲ್ಲಿಯ ಹತ್ತಿರ. ಗೋಡೆಯ ಆಚೆ ಬಿಂದಿಗೆ ಇಟ್ಟುಕೊಂಡು ಇಬ್ಬರು ಹೆಂಗಸರು ಮಾತಾಡುತ್ತಿದ್ದರು. “ಗಂಡ ಇದ್ದಾಗ ಇಲ್ದೇ ಇದ್ದುದ್ದು ಈಗ ಎಲ್ಲಿಂದ ಬಂತವ್ವ?” ಎಂದಳು ಒಬ್ಬಳು. “ದಿನಾ ಬೈಕ್‌ನಲ್ಲಿ ಓಯ್ತಿರ್ಲಿಲ್ವಾ,” ಎಂದಳು ಇನ್ನೊಬ್ಬಳು. ಬಿಂದಿಗೆ ತುಂಬಿ ಹರಿಯುತ್ತಿತ್ತು, ಇಬ್ಬರೂ ನಲ್ಲಿ ತಿರುಗಿಸಲಿಲ್ಲ.

ಬಸ್ಸು ತಪ್ಪಿದ ದಿನ ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಮೊಮ್ಮಗಳ ಫೋಟೋ ತೋರಿಸಿ ಹಿಗ್ಗುವ ಮನುಷ್ಯ. ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಾನು ನಿಂತಿದ್ದೆ. ಅವರು ಬಂದರು, ಮುಖವನ್ನು ಆ ಕಡೆಗೆ ತಿರುಗಿಸಿದರು, ಹೋದರು. ಬೈಕಿನ ಹೊಗೆಗಿಂತ ಅದು ಹೆಚ್ಚು ನಾರಿತು. ನಾಲ್ಕು ಜನರ ಬಾಯಿಗೆ ಹೆದರಿ ಒಬ್ಬ ವಯಸ್ಸಾದ ಗಂಡಸು ಹಾಗೆ ಕತ್ತು ತಿರುಗಿಸಿದ್ದು ನೆನೆದರೆ ಈಗಲೂ ನನಗೆ ಅಸಹ್ಯ.

ಅಷ್ಟರಲ್ಲಿ ನನಗೆ ಮನೆಯೊಳಗೆ ಉಣ್ಣಲು ಆಗುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಎಷ್ಟೋ ವರ್ಷದ ಒಗ್ಗರಣೆ ಅಂಟಿಕೊಂಡಿರುತ್ತದೆ. ಊರಿಗೆಲ್ಲ ನಾರುವ ಒಂದು ಜಾಗ ಮಾತ್ರ ನನಗೆ ನಾರುತ್ತಿರಲಿಲ್ಲ: ದನದ ಕೊಟ್ಟಿಗೆ. ಸಗಣಿ, ಗಂಜಲ, ಒಣಹುಲ್ಲು, ಯಾವುದೂ ಹೇಸಿಗೆ ಹುಟ್ಟಿಸುತ್ತಿರಲಿಲ್ಲ. ಸಗಣಿಗೆ ಒದ್ದೆ ಮಣ್ಣಿನಂಥ ಒಂದು ತೆಳು ವಾಸನೆ. ಕಾಫಿಗೆ ಹೇಸುವವಳು ಸಗಣಿ ಪಕ್ಕ ಕೂತು ಉಣ್ಣುವುದೆಂದರೆ ನಗು ಬರುವ ಮಾತೇ. ಆಗ ನಗು ಬರಲಿಲ್ಲ.

ಅತ್ತೆ ಒಗ್ಗರಣೆ ಹಾಕುವುದನ್ನೇ ಬಿಟ್ಟರು. ರಾಗಿಮುದ್ದೆ ಮಾಡಿ ಆರಲು ಇಡುತ್ತಿದ್ದರು, ತಣ್ಣಗಾದ ಮೇಲೆ ಮಜ್ಜಿಗೆ, ಉಪ್ಪು, ಒಂದು ಸೌತೆಕಾಯಿ ಜೊತೆಗಿಟ್ಟು ಕೊಟ್ಟಿಗೆಗೆ ತಂದುಕೊಡುತ್ತಿದ್ದರು. ಬಿಸಿ ಇಲ್ಲದ್ದಕ್ಕೆ ನಾತ ಕಡಿಮೆ. ಏನು, ಯಾಕೆ ಎಂದು ಅವರು ಕೇಳಲಿಲ್ಲ. ಒಂದು ದಿನ ಅವರ ಹಳೆಯ ಹತ್ತಿ ಸೀರೆಗಳನ್ನು ಒಗೆದು ಕೊಟ್ಟಿಗೆಯ ಹಗ್ಗಕ್ಕೆ ಹರವಿದ್ದರು. ಚಳಿಗೆ ಕರುವಿನ ಅಡಿ ಹಾಸಲು ಇರಬೇಕು ಎಂದುಕೊಂಡು ಸುಮ್ಮನಾದೆ.

ಕೊಟ್ಟಿಗೆಯ ಬಾಗಿಲು ಬೀದಿಗೆ ಕಾಣುತ್ತದೆ. ನಾನು ಅಲ್ಲಿ ತಟ್ಟೆ ಹಿಡಿದು ಕೂತದ್ದನ್ನು ನೋಡಿದ ಬೀದಿ ಎರಡನೆಯ ತೀರ್ಪು ಕೊಟ್ಟಿತು. ಸೊಸೆ ಬಸುರಿ, ಅತ್ತೆ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ, ದನದ ಜೊತೆ ಉಣ್ಣಿಸುತ್ತಿದ್ದಾಳೆ. ನೋಡಲು ಕಣ್ಣಿತ್ತು, ತಣ್ಣನೆ ಮುದ್ದೆಯೂ ಕಾಣುತ್ತಿತ್ತು, ಇನ್ನೇನು ಸಾಕ್ಷಿ ಬೇಕು?

ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಹಬ್ಬ ಆಯಿತು. ಬೀರೇಶ್ವರನ ಗುಡಿಯ ಹತ್ತಿರ ಗಂಡಸರು ಸಗಣಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬ. ಎದುರು ಮನೆಯವಳು ನೋಡಲು ಹೋಗಿ, ದಾರಿ ತಪ್ಪಿ ಬಂದ ಒಂದು ಉಂಡೆಯನ್ನು ಹೆಗಲಿಗೆ ಹೊಡೆಸಿಕೊಂಡು ಬಂದಳು. ಬಂದವಳು ಮನೆಗೂ ಹೋಗದೆ ನಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಅತ್ತೆಯನ್ನು ತಡೆದಳು. ನಾನು ಒಳಗೆ ಹಸುವಿನ ಮರೆಯಲ್ಲಿದ್ದೆ.

“ಅವ್ವ, ಸೊಸೇನ ಕೊಟ್ಗೆಗೆ ಆಕ್ಬುಟ್ಟಿದ್ದೀಯಂತಲ್ಲ. ಎಷ್ಟ್ ತಿಂಗಳು?”

ಅತ್ತೆ ಹುಲ್ಲಿನ ಹೊರೆ ಕೆಳಗಿಟ್ಟರು. “ನನ್ ಸೊಸೆ, ನನ್ ಕೊಟ್ಗೆ. ನಿನಗೇನಮ್ಮಿ?” ಎಂದರು.

ಅಷ್ಟೇ. ಇಲ್ಲ ಎನ್ನಲಿಲ್ಲ. ಥೂ, ಏನು ಮಾತು ಆಡ್ತೀಯ ಎನ್ನಲಿಲ್ಲ. ನಾನು ಹಸುವಿನ ಬೆನ್ನಿಗೆ ಕೈ ಇಟ್ಟುಕೊಂಡು ಆ ಒಂದು ಮಾತಿಗೆ ಕಾದೆ, ಅದು ಬರಲಿಲ್ಲ. ಊರೆಲ್ಲ ಆಡಿಕೊಂಡರೆ ಬಾಗಿಲು ಹಾಕಿಕೊಂಡು ಬದುಕಬಹುದು. ಬಾಗಿಲ ಒಳಗಿರುವ ಒಬ್ಬರೇ ಒಬ್ಬರು ನಂಬದೆ ಹೋದರೆ ಆ ಮನೆಯಲ್ಲಿ ನನಗೇನು ಕೆಲಸ? ಎದುರು ಮನೆಯವಳು ಹತ್ತಿರದಲ್ಲೇ ನಿಂತಿದ್ದಳು. ನನ್ನ ಬಗ್ಗೆ ಅಷ್ಟು ಹೊಲಸು ಆಡಿದವಳು, ಹೆಗಲ ಮೇಲೆ ಸಗಣಿ ಮೆತ್ತಿಕೊಂಡವಳು, ಆ ದಿನಗಳಲ್ಲಿ ನನಗೆ ನಾರದೆ ಇದ್ದ ಒಬ್ಬಳೇ ಹೆಂಗಸು. ಅತ್ತೆಯ ತಲೆಯ ಎಣ್ಣೆಯ ವಾಸನೆ ಅಲ್ಲಿಯವರೆಗೂ ಬಂದು ವಾಕರಿಕೆ ತರಿಸಿತು. ನನ್ನ ಮೂಗಿಗೆ ನ್ಯಾಯ ಗೊತ್ತಿರಲಿಲ್ಲ.

ಆ ಸಿಟ್ಟಿನಲ್ಲೇ ಮಾರನೆಯ ದಿನ ಆಸ್ಪತ್ರೆಗೆ ಹೊರಟೆ. ಬರಬೇಡಿ ಎಂದರೂ ಅತ್ತೆ ಬಸ್ಸು ಹತ್ತಿದರು. ತಾಳವಾಡಿಯ ಆಸ್ಪತ್ರೆಯಲ್ಲಿ ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ವಾಂತಿ ಎಂದು ಬಾಯಿ ಬಿಡುವಷ್ಟರಲ್ಲಿ ಅವರೂ ತಮಿಳಿನಲ್ಲಿ ಅದನ್ನೇ ಕೇಳಿದರು, “ಮಾಸಮಾ ಇರುಕ್ಕೀಂಗಳಾ?” ಬಸುರಿಯಾ ಎಂದು. ಅತ್ತೆ ಮುಂದಕ್ಕೆ ಬಾಗಿ ನನ್ನ ಬಾಯಿಯನ್ನೇ ನೋಡಿದರು. ಇಲ್ಲ ಎಂದೆ, ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ. ಯಾವುದರ ವಾಸನೆ ಕೆಟ್ಟಿದೆ, ಎಂದಿನಿಂದ ಎಂದು ವಿಚಾರಿಸಿದ ಮೇಲೆ ಅವರ ಮುಖ ಬದಲಾಯಿತು.

ಮೂಗಿನ ಒಳಗೆ ಮೇಲುಗಡೆ, ವಾಸನೆ ಹಿಡಿಯುವ ನರಗಳ ತುದಿಗಳಿರುತ್ತವಂತೆ. ಅವು ಅಲ್ಲಿಂದ ನೇರ ಮೆದುಳಿಗೆ ಹೋಗುತ್ತವೆ. ವೈರಸ್ಸು ಆ ನರಗಳಿಗೆ ಆಸರೆಯಾದ ಜೀವಕೋಶಗಳನ್ನು ಹಾಳು ಮಾಡುತ್ತದೆ, ಆಸರೆ ಹೋದ ನರ ಸೊರಗುತ್ತದೆ. ಮತ್ತೆ ಚಿಗುರುವಾಗ ಎಲ್ಲ ತುದಿಗಳೂ ಬರುವುದಿಲ್ಲ, ಬಂದವು ತಮ್ಮ ಜಾಗವನ್ನೇ ಸೇರುತ್ತವೆ ಎಂದೂ ಇಲ್ಲ. ಮೆದುಳಿಗೆ ಅರ್ಧಂಬರ್ಧ ಸುದ್ದಿ ಹೋಗುತ್ತದೆ, ಅದು ಕೆಟ್ಟದ್ದು ಎಂದು ತೀರ್ಮಾನ ಮಾಡಿಬಿಡುತ್ತದೆ. ಅರ್ಧಂಬರ್ಧ ಸುದ್ದಿಯಿಂದ ಅಂಥ ತೀರ್ಮಾನ ಮಾಡುವುದನ್ನು ನಮ್ಮ ಬೀದಿಯಲ್ಲಿ ನೋಡಿದ್ದೆ, ತಲೆಯೊಳಗೂ ಅದೇ ನಡೆದಿದೆ ಎಂದು ಗೊತ್ತಿರಲಿಲ್ಲ. ಬರೀ ಶೀತದಿಂದಲೂ ಕೆಲವರಿಗೆ ಹೀಗಾಗುತ್ತದಂತೆ. ಕೆಮ್ಮು ಜ್ವರದ ರೋಗ ಎದೆಯಲ್ಲೇ ನಿಲ್ಲುತ್ತದೆ ಎಂದುಕೊಳ್ಳಬೇಡಿ, ಕೆಲವರಿಗೆ ಮರೆವು, ಕೆಲವರಿಗೆ ಕೈಕಾಲು ಜೋಮು ಬಿಟ್ಟು ಹೋಗುತ್ತದೆ ಎಂದರು.

ಮದ್ದು ಎಂದು ಹೇಳಿದ್ದು ಇಷ್ಟೇ. ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಗುಲಾಬಿ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸಬೇಕು. ಮೂಸುವಾಗ ಅದರ ಮೊದಲಿನ ವಾಸನೆ ಹೇಗಿತ್ತು ಎಂದು ನೆನೆಯಬೇಕು. ನೆನೆದು ನೆನೆದು ನರಕ್ಕೆ ಮತ್ತೆ ದಾರಿ ಕಲಿಸಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ಬಹಳ ಜನಕ್ಕೆ ವಾಸಿಯಾಗುತ್ತದೆ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಡಾಕ್ಟರ ಬಾಯಿಂದಲೇ ಕೇಳಿದರಲ್ಲ, ಈಗಲಾದರೂ ಅತ್ತೆ ಒಂದು ಮಾತು ಆಡುತ್ತಾರೆ ಎಂದುಕೊಂಡೆ. ಬಸ್ಸಿನಲ್ಲಿ ಊರು ಬರುವವರೆಗೂ ಅವರು ಕಿಟಕಿಯಾಚೆ ಜೋಳದ ಹೊಲಗಳನ್ನು ನೋಡುತ್ತಾ ಕೂತರು. ಮುಖ ಬಾಡಿತ್ತು. ನನ್ನ ಕಳಂಕ ತೊಳೆದ ದಿನ ಇವರ ಮುಖ ಯಾಕೆ ಬಾಡಬೇಕು ಎಂದು ನನಗೆ ಇನ್ನೂ ಹೇಸಿಗೆಯಾಯಿತು.

ಸಂಜೆ ಅವರು ತಣ್ಣನೆ ಮುದ್ದೆ ತಂದಾಗ ತಟ್ಟೆ ಮುಟ್ಟಲಿಲ್ಲ.

“ಅತ್ತೆ, ಅವ್ಳು ಬಾಗಿಲಲ್ಲಿ ನಿಂತ್ಕಂಡು ಕೇಳ್ದಾಗ ಇಲ್ಲ ಅಂತ ಯಾಕ ಅನ್ನಲಿಲ್ಲ? ನನ್ ಮ್ಯಾಲ ನಿಮಗೂ ನಂಬಿಕೆ ಇಲ್ವಾ?”

ಅತ್ತೆ ಹಗ್ಗದ ಮೇಲಿದ್ದ ಹತ್ತಿ ಸೀರೆಗಳನ್ನು ಒಂದೊಂದಾಗಿ ಎಳೆದುಕೊಂಡರು. ಒಗೆದು ಒಗೆದು ಮೆತ್ತಗಾದವು. ಒಂದನ್ನು ಕೊಡವಿ ಕರುವಿನ ಅಡಿಗೆ ಹಾಸಿದರು.

“ನಾನು ಇದ ಕೂಸಿಗೆ ಅಂತ ಒಗ್ದಿದ್ದಿ ಕಣಮ್ಮಿ,” ಎಂದರು. “ಈಗ ಕರೂಗಾರ ಆಗ್ಲಿ.”

ನಾನು ಆ ಸೀರೆಯ ಅಂಚು ಹಿಡಿದು ನೋಡಿದೆ.

“ದಿಟ ಆಗ್ಲಿ ಅಂತಿದ್ದಿ ನಾನು. ಯಾರ್ದಾರ ಆಗ್ಲಿ, ನೀನು ಎತ್ತುದ್ರ ಆ ಕೂಸು ನನ್ನನ ಅಜ್ಜಿ ಅಂತಿರ್ಲಿಲ್ವಾ. ಊರೋರು ಎಷ್ಟ್ ದಿಸ ಆಡ್ಕಂಡಾರು? ಇಲ್ಲ ಅಂತ ನನ್ ಬಾಯಿಂದ ಅನ್ನಕ್ಕ ಮನಸ್ ಬರ್ನಿಲ್ಲ.”

ಸಿಟ್ಟು ಬಂತು. ಇವರೂ ಊರಿನ ಹಾಗೆಯೇ ನನ್ನನ್ನು ಅಂದುಕೊಂಡರಲ್ಲ ಎಂದು ಬಂತು. ಅದನ್ನು ಹಿಡಿದಿಟ್ಟುಕೊಳ್ಳಬೇಕು ಎಂದು ನೋಡಿದೆ, ನಿಲ್ಲಲಿಲ್ಲ. ಊರು ಅಂದುಕೊಂಡು ನಕ್ಕಿತ್ತು. ಇವರು ಅಂದುಕೊಂಡು ಸೀರೆ ಒಗೆದಿದ್ದರು.

ಅತ್ತೆ ಬಂದು ನನ್ನ ಪಕ್ಕದಲ್ಲಿ, ಹುಲ್ಲಿನ ಮೇಲೆ, ಹೆಗಲಿಗೆ ಹೆಗಲು ತಾಗುವಂತೆ ಕೂತರು. ಮುದ್ದೆ ಮುರಿದು ಒಂದು ತುತ್ತು ನನ್ನ ಕೈಗಿಟ್ಟು, ಇನ್ನೊಂದನ್ನು ತಾವು ನುಂಗಿದರು. ಬೀದಿಯಲ್ಲಿ ಹೋಗುತ್ತಿದ್ದವರು ನೋಡಿಕೊಂಡು ಹೋದರು. ಅತ್ತೆಯ ತಲೆಯ ಎಣ್ಣೆಯಿಂದ ಕೊಳೆತ ನಾತ ಭಗ್ಗನೆ ಎದ್ದು ಗಂಟಲಿಗೆ ಬಂತು. ನಾನು ಸರಿಯಲಿಲ್ಲ. ಅವರ ತಲೆಯ ಕಡೆಗೇ ಮೂಗು ತಿರುಗಿಸಿ, ಮದುವೆಯಾಗಿ ಬಂದ ಹೊಸದರಲ್ಲಿ ಈ ಎಣ್ಣೆ ಹೇಗೆ ಘಮ್ಮೆನ್ನುತ್ತಿತ್ತು ಎಂದು ನೆನೆಯುತ್ತಾ ಕೂತೆ.