ತೊಳೆದು ಬಂದ ಕಲ್ಲು

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನಾಗ ಬೆಂಗಳೂರಿನ ಪೀಣ್ಯದ ಒಂದು ಖಾಸಗಿ ಶಿಲಾ ಪರೀಕ್ಷಾ ಲ್ಯಾಬಿನಲ್ಲಿ ಹಿರಿಯ ಭೂವಿಜ್ಞಾನಿಯಾಗಿದ್ದೆ. ಏಪ್ರಿಲ್‌ನಲ್ಲಿ ಕರಾವಳಿಯ ಒಂದು ಗುಡ್ಡದಿಂದ ಕೋರ್ ಬಾಕ್ಸ್‌ಗಳು ಬಂದವು. ಕೋರ್ ಎಂದರೆ ಬಂಡೆಯನ್ನು ಕೊರೆದು ತೆಗೆದ ಉದ್ದನೆಯ ಕಲ್ಲಿನ ತುಂಡು. ಗುಡ್ಡದ ಮೇಲೆ ಕುಡಿಯುವ ನೀರಿನ ಟ್ಯಾಂಕ್ ಕಟ್ಟಬೇಕಿತ್ತು, ಕೆಳಗೇ ಅಂಗನವಾಡಿ. ಬಂಡೆ ಭಾರ ತಡೆಯುತ್ತದೆಯೇ ಎಂದು ನಾವು ಹೇಳಬೇಕಿತ್ತು.

ಬಾಕ್ಸ್ ತಂದವರು ಗುತ್ತಿಗೆದಾರರ ಎಂಜಿನಿಯರ್ ಮಂಜುನಾಥ್, ಪಕ್ಕದ ನಾಗಸಂದ್ರದವರು. ಮುಚ್ಚಳ ತೆಗೆದರೆ ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಬೂದು ಗ್ರಾನೈಟ್, ನಡುವೆ ಕಪ್ಪು ಡಾಲರೈಟ್, ಮತ್ತೆ ಗ್ರಾನೈಟ್. ಕೋಟ್ಯಂತರ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಕಳಚಿಕೊಂಡು ದೂರ ಸರಿದಾಗ ನೆಲ ಸೀಳಿತು. ಆ ಸೀಳುಗಳಲ್ಲಿ ಮೇಲೇರಿದ ಕರಗಿದ ಶಿಲೆ ಒಳಗೇ ಹೆಪ್ಪುಗಟ್ಟಿ ಇಂಥ ಕಪ್ಪು ಗೋಡೆಗಳಾದವು. ಇವನ್ನು ಡೈಕ್ ಎನ್ನುತ್ತೇವೆ. ಕಂಡಾಗಲೆಲ್ಲ ನನಗೆ ಖುಷಿ. ಆದರೆ ಅಂದು ಕಪ್ಪು ತುಂಡನ್ನು ಬೂದು ತುಂಡಿಗೆ ಎಷ್ಟು ತಿರುಗಿಸಿ ಜೋಡಿಸಿದರೂ ಅಂಚು ಕೂಡಲಿಲ್ಲ. ನಡುವೆ ಇದ್ದದ್ದೇನೋ ಈಗ ಇರಲಿಲ್ಲ.

“ಇದನ್ನ ತೊಳೆದ್ರಾ?” ಎಂದೆ.

“ಹೂಂ ಮೇಡಂ. ನಮ್ಮಪ್ಪನ ಲೇತ್ ಶಾಪಲ್ಲಿ ಮಾಡಿದ್ ಪಾರ್ಟ್ ತೊಳ್ದು ಒರ್ಸಿನೇ ಡೆಲಿವರಿ ಕೊಡೋದು. ಗಲೀಜಿದ್ರೆ ವಾಪಸ್ ಕಳಿಸ್ಬಿಡ್ತಾರೆ. ಇದ್ರಲ್ಲೂ ಬರೀ ಕೆಸರು ಮೆತ್ಕೊಂಡಿತ್ತು.”

ಪೀಣ್ಯದ ಲೇತ್ ಶೆಡ್ಡಿನಲ್ಲಿ ಬೆಳೆದವರ ಶಿಸ್ತು ಅದು, ಬಯ್ಯಲು ಮನಸ್ಸಾಗಲಿಲ್ಲ. ಆದರೆ ನನಗೆ ಬೇಕಿದ್ದುದೇ ಆ ಕೆಸರು. ಡೈಕ್‌ನ ಅಂಚಿನಲ್ಲಿ ಬಂಡೆ ಕೊಳೆತು ಜೇಡಿಮಣ್ಣಾಗಿದ್ದರೆ, ಕರಾವಳಿಯ ಮಳೆ ಹಿಡಿದಾಗ ಅದು ಸಾಬೂನಿನಂತೆ ಜಾರುತ್ತದೆ.

“ಇನ್ನೊಂದು ಕಡೆ ಕೊರೆದು ಹೊಸ ಕೋರ್ ತೆಗೀಬೇಕು ಮಂಜುನಾಥ್.”

“ಹಂಗಾದ್ರೆ ಮಳೆಗೆ ಮುಂಚೆ ಪಾಯ ಆಗಲ್ಲ ಮೇಡಂ, ಟ್ಯಾಂಕ್ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಊರವ್ರ ಬಾವಿ ನೀರು ಆಗ್ಲೇ ಉಪ್ಪಾಗಿದೆ. ಅವ್ರಿಗೆ ಏನ್ ಹೇಳ್ಲಿ?”

ಆ ಪ್ರಶ್ನೆ ಚುಚ್ಚಿತು. ಆದರೂ ವರದಿಗೆ ಸಹಿ ಹಾಕಲಿಲ್ಲ.

ಎರಡನೇ ಸಲ ಕೋರ್ ತೊಳೆಯದೆ ಬಂತು. ಡೈಕ್‌ನ ಅಂಚಿನಲ್ಲಿ ಅಂಗೈ ದಪ್ಪದ ಜೇಡಿಮಣ್ಣು. ನಾನೇ ಹೋಗಿ ಗುಡ್ಡ ನೋಡಿದೆ. ಆ ಪದರ ಅಂಗನವಾಡಿಯ ಕಡೆಗೇ ವಾಲಿತ್ತು. ಟ್ಯಾಂಕನ್ನು ಇನ್ನೊಂದು ಮಗ್ಗುಲಿನ ಗಟ್ಟಿ ಗ್ರಾನೈಟಿಗೆ ಸರಿಸಲು ಬರೆದೆ. ಊರು ಮತ್ತೊಂದು ಬೇಸಿಗೆ ಟ್ಯಾಂಕರ್ ನೀರಿಗೆ ಸಾಲು ನಿಂತಿತು. ನನ್ನನ್ನು ಬಯ್ದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಹೊಸ ಟ್ಯಾಂಕಿನ ನೀರು ಬಂದ ದಿನ ಮಂಜುನಾಥ್ ವಿಡಿಯೊ ಕಾಲ್ ಮಾಡಿದರು. ಮಕ್ಕಳು ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಅಂಗನವಾಡಿ ಟೀಚರ್ ಫೋನ್ ತೆಗೆದುಕೊಂಡು, “ಒಂದು ವರ್ಷ ಸುಮ್ಮನೆ ಕಾಯ್ಸಿದ್ರಲ್ಲ ಮೇಡಂ. ಆ ಗುಡ್ಡಕ್ಕೆ ಏನೂ ಆಗ್ಲೇ ಇಲ್ಲ ಮಾರಾಯ್ರೆ,” ಎಂದರು.

ಏನೂ ಆಗಲಿಲ್ಲವೆಂಬ ಆ ದೂರಿಗಿಂತ ದೊಡ್ಡ ಮೆಚ್ಚುಗೆ ನಮ್ಮ ವೃತ್ತಿಯಲ್ಲಿಲ್ಲ.