ಅಣ್ಣನ ತುಂಡು ಬಲೆ

ವಿಮೆ ಅಂದರೆ ಸಮಾಜವಾದವಾ ಅಲ್ಲವಾ ಎಂದು ಯಾರಾದರೂ ವಾದ ತೆಗೆದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಮನೆಯವರಿಗೆ ಇದು ತಮಾಷೆ. ‘ಟೀಚರಿಗೆ ರಾಜಕೀಯ ಆಗುವುದಿಲ್ಲ’ ಎನ್ನುತ್ತಾರೆ. ರಾಜಕೀಯವೂ ಇಲ್ಲ, ಮಣ್ಣೂ ಇಲ್ಲ. ಆ ವಾದವನ್ನು ನಾನು ಮೊದಲು ಕೇಳಿದ್ದು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ, ನನ್ನ ಅಣ್ಣನ ಬಾಯಲ್ಲಿ. ಅದಕ್ಕೆ ಉತ್ತರ ಕೊಡುವ ಸರದಿ ಒಮ್ಮೆ ನನಗೇ ಬಂದಿತ್ತು. ನಾನು ಕೊಟ್ಟ ಉತ್ತರವನ್ನು ಯಾರ ಮುಂದೆಯೂ ಹೇಳಿಲ್ಲ.

ಅಣ್ಣ ನನಗಿಂತ ಏಳು ವರ್ಷ ದೊಡ್ಡವ. ಅಪ್ಪ ಬೇಗ ಹೋದರು. ಅಣ್ಣ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ರಂಪಣಿಗೆ ಸೇರಿದ. ನಾನು ಓದಿದ್ದು, ಟೀಚರ್ ಟ್ರೈನಿಂಗ್ ಮುಗಿಸಿದ್ದು, ಕಾರ್ಕಳದ ಹತ್ತಿರ ಕೆಲಸ ಹಿಡಿದದ್ದು ಎಲ್ಲವೂ ಅವನು ಎಳೆದ ಬಂಗುಡೆ, ಬೂತಾಯಿ ಮೀನಿನ ಪುಣ್ಯ.

ರಂಪಣಿ ಎಂದರೆ ಈಗಿನವರಿಗೆ ಹೇಳಿಯೇ ತಿಳಿಸಬೇಕು. ಅದು ಒಬ್ಬನ ಬಲೆ ಅಲ್ಲ. ಒಂದೊಂದು ಮನೆಯಿಂದ ಒಂದೊಂದು ತುಂಡು ಬಲೆ ಬರುತ್ತಿತ್ತು, ಎಲ್ಲವನ್ನೂ ಸೇರಿಸಿ ಹೊಲಿದರೆ ಫರ್ಲಾಂಗುಗಟ್ಟಲೆ ಉದ್ದದ ಒಂದೇ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಕಡಲಿಗೆ ಸುತ್ತುಹಾಕಿ ಬರುವುದು, ಮತ್ತೆ ನೂರಾರು ಜನ ದಡದಲ್ಲಿ ನಿಂತು ಎರಡು ಕಡೆಯಿಂದ ಹಗ್ಗ ಎಳೆಯುವುದು. ಬಂದ ಮೀನು ಎಲ್ಲರಿಗೆ ಪಾಲು. ಎಳೆದವನಿಗೂ ಉಂಟು, ಜ್ವರ ಬಂದು ಮಲಗಿದವನಿಗೂ ಉಂಟು. ಗಂಡಸು ಸತ್ತ ಮನೆಯ ತುಂಡನ್ನು ಬಿಚ್ಚಿ ಕೊಡುವ ಕ್ರಮ ನಮ್ಮಲ್ಲಿ ಇರಲಿಲ್ಲ. ತುಂಡು ಬಲೆಯಲ್ಲಿ ಇದ್ದಷ್ಟು ದಿನ ಆ ಮನೆಗೆ ಪಾಲು. ಅಪ್ಪ ಹೋದ ಮೇಲೆ ಅಣ್ಣನ ತೋಳಿಗೆ ಬಲ ಬರುವವರೆಗೆ ನಾವು ಮೂವರು ಉಂಡದ್ದು ಆ ಪಾಲನ್ನೇ. ಅದಕ್ಕಾಗಿ ಅಮ್ಮ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ, ಯಾರೂ ಅವಳಿಗೆ ಉಪಕಾರ ಮಾಡಿದ ಮುಖ ತೋರಿಸಲಿಲ್ಲ.

ಎಪ್ಪತ್ತರ ದಶಕದ ನಡುವೆ ಒಂದು ಆಟಿ ತಿಂಗಳಲ್ಲಿ ಉಡುಪಿಯಿಂದ ವಿಮೆಯ ಮಾಸ್ಟ್ರು ಬಂದರು. ನಿವೃತ್ತ ಶಾಲಾ ಮಾಸ್ಟ್ರು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಬ್ಯಾಗು. ಕಡಲಿಗೆ ಇಳಿಯಲಾಗದ ಮಳೆಗಾಲದಲ್ಲಿ ಗಂಡಸರೆಲ್ಲ ಮನೆಯಲ್ಲೇ ಸಿಗುತ್ತಾರೆ ಎಂಬ ಲೆಕ್ಕ ಅವರದ್ದು. ಮೀನಿಲ್ಲದ ಕಾಲದಲ್ಲಿ ಕಿಸೆಯಲ್ಲಿ ಏನೂ ಇರುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ನಾನು ಆ ವಾರ ರಜೆಯಲ್ಲಿ ಮನೆಯಲ್ಲಿದ್ದೆ. ಅಣ್ಣ ಜಗಲಿಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದ, ಅವನ ನಾಲ್ಕು ವರ್ಷದ ಮಗಳು ಬೆನ್ನಿಗೆ ಜೋತುಬಿದ್ದಿದ್ದಳು.

ಮಾಸ್ಟ್ರು ಕ್ಲಾಸು ಸುರುಮಾಡಿದರು. ‘ಇದು ಸಮಾಜವಾದ ಮಾರಾಯ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಯ ಹೊರೆ ಅಂತಾರಲ್ಲ, ಹಾಗೆ. ಎಲ್ಲರೂ ಒಂದೊಂದು ಕಡ್ಡಿ ಹಾಕುವುದು. ಯಾರ ಮನೆಗೆ ಕಷ್ಟ ಬಂತೋ ಆ ಮನೆಗೆ ಇಡೀ ಹೊರೆ.’

‘ಇದು ನಮ್ಮ ರಂಪಣಿಯಲ್ಲಿ ಮೊದಲೇ ಉಂಟಲ್ಲ ಮಾಸ್ಟ್ರೇ,’ ಅಂದ ಅಣ್ಣ, ಬಲೆಯಿಂದ ತಲೆ ಎತ್ತದೆ. ‘ಅದಕ್ಕೆ ನಾವು ಅಷ್ಟು ದೊಡ್ಡ ಹೆಸರು ಇಡಲಿಲ್ಲ ಅಷ್ಟೇ. ಅಲ್ಲ, ನಿಮ್ಮ ಬಲೆ ಎಳೆಯುವವರು ಯಾರು? ನಾನು ನೋಡಿದವರಾ?’

‘ಯಾರಂತ ನನಗೂ ಗೊತ್ತಿಲ್ಲ. ದೇಶದಲ್ಲಿ ಎಲ್ಲೆಲ್ಲೋ ಇದ್ದಾರೆ. ಮುಖ ಗೊತ್ತಿಲ್ಲದ ಕಾರಣ ಅದರಲ್ಲಿ ಪಕ್ಷಪಾತ ಇಲ್ಲ.’

‘ಮುಖ ಗೊತ್ತಿದ್ದ ಕಾರಣ ನಮ್ಮದರಲ್ಲಿ ಮೋಸ ಇಲ್ಲ,’ ಅಂದ ಅಣ್ಣ.

ಮಾಸ್ಟ್ರು ನಕ್ಕುಬಿಟ್ಟರು. ನಾನೇ ನಡುವೆ ಬಾಯಿ ಹಾಕಿದೆ. ಓದಿದವಳೆಂಬ ಜಂಬ ಇತ್ತಲ್ಲ. ‘ಕಾಲ ಹೀಗೇ ಇರುವುದಿಲ್ಲ ಅಣ್ಣ, ಒಂದು ಮಾಡಿಸು’ ಅಂದೆ. ನನ್ನ ಮಾತಿಗೆ ಅವನು ಎಂದೂ ಇಲ್ಲ ಅಂದವನಲ್ಲ. ಬಲೆಯ ಸೂಜಿ ಕೆಳಗಿಟ್ಟು ರುಜು ಹಾಕಿದ.

ಅರ್ಜಿ ತುಂಬಿಸಿದ್ದು ನಾನೇ. ಸತ್ತ ಮೇಲೆ ಹಣ ಯಾರ ಕೈಗೆ ಎಂಬ ಜಾಗ ಬಂದಾಗ ಅಣ್ಣ ಯೋಚನೆ ಮಾಡದೆ ‘ತಂಗಿಗೆ’ ಅಂದ. ಮಾಸ್ಟ್ರು ಪರ ಊರಿನವರಲ್ಲ, ನಮ್ಮ ಕ್ರಮ ಗೊತ್ತಿದ್ದವರೇ, ಆದರೂ ಒಮ್ಮೆ ಒಳಬಾಗಿಲ ಕಡೆ ನೋಡಿದರು. ಅಲ್ಲಿ ಅತ್ತಿಗೆ ಚಹಾ ಹಿಡಿದು ನಿಂತಿದ್ದಳು. ನಮ್ಮದು ಅಳಿಯಕಟ್ಟು. ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಹೋಗುವುದು. ಗಂಡಸಿನದ್ದು ಅವನ ತಂಗಿಗೆ, ತಂಗಿಯ ಮಕ್ಕಳಿಗೆ. ಕಾನೂನು ಬದಲಾಗಿತ್ತು, ಆದರೆ ನಮ್ಮ ನಾಲಿಗೆಗೆ ಅದು ಇನ್ನೂ ಬಂದಿರಲಿಲ್ಲ. ನಾನು ನನ್ನ ಹೆಸರನ್ನು ದುಂಡಗೆ, ಬೋರ್ಡಿನ ಮೇಲೆ ಬರೆದ ಹಾಗೆ ಬರೆದೆ. ಅತ್ತಿಗೆ ಚಹಾ ಇಟ್ಟು ಒಳಗೆ ಹೋದಳು.

ಆಮೇಲೆ ಕೆಲವೇ ವರ್ಷ. ಇಂಜಿನು, ದೊಡ್ಡ ಸುತ್ತುಬಲೆ ಇದ್ದ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೀನನ್ನು ಅವು ಆಳದಲ್ಲೇ ಬಾಚಿಕೊಂಡವು. ಒಂದು ವರ್ಷ ರಂಪಣಿ ಖಾಲಿ ಬಂತು, ಮರುವರ್ಷವೂ ಖಾಲಿ ಬಂತು. ಮೂರನೇ ವರ್ಷ ಬಲೆಯನ್ನು ಬಿಚ್ಚಿ ಅವರವರ ತುಂಡನ್ನು ಅವರವರಿಗೆ ಕೊಟ್ಟರು. ಅಣ್ಣ ತನ್ನ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅಟ್ಟಕ್ಕೆ ಎಸೆದ. ಆ ದಿನ ಊಟ ಮಾಡಲಿಲ್ಲ ಎಂದು ಅಮ್ಮ ಹೇಳಿದಳು. ಮತ್ತೆ ಅವನೇ ಒಂದು ಪರ್ಸೀನ್ ಬೋಟಿಗೆ ಕೆಲಸಕ್ಕೆ ಸೇರಿದ. ಹೊಟ್ಟೆ ಕೇಳಬೇಕಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅವನು ಆ ಬೋಟಿನಿಂದ ಬಿದ್ದ. ಮೂರನೇ ದಿನ ಹೆಣವಾಗಿ ಊರಿನ ತೆಂಕಣ ದಡಕ್ಕೆ ಬಂದ. ನಾನು ನೋಡಿದ್ದು ಕಾಲನ್ನು ಮಾತ್ರ, ಮುಖ ನೋಡಲು ಬಿಡಲಿಲ್ಲ. ಎಡಗಾಲಿನ ಕಿರುಬೆರಳಿಗೆ ಉಗುರು ಇರಲಿಲ್ಲ, ಅದು ಚಿಕ್ಕಂದಿನಲ್ಲಿ ನನ್ನನ್ನು ಎತ್ತಿಕೊಂಡು ಹೋಗುವಾಗ ಕಲ್ಲು ಎಡವಿ ಕಿತ್ತುಹೋದ ಉಗುರು. ಬೋಟಿನ ಧಣಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಖರ್ಚಿಗೆಂದು ಸ್ವಲ್ಪ ಕೊಟ್ಟು ಹೋದರು. ಅಟ್ಟದ ಮೇಲಿನ ತುಂಡು ಬಲೆಗೆ ಪಾಲು ಕೊಡುವವರು ಈಗ ಯಾರೂ ಇರಲಿಲ್ಲ.

ಬೊಜ್ಜ ಕಳೆದ ವಾರವೇ ಅತ್ತಿಗೆ ಟ್ರಂಕಿನಿಂದ ವಿಮೆಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗಿಂತ ಎರಡು ವರ್ಷ ಸಣ್ಣವಳು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ‘ಅವರು ಇದನ್ನು ನಿಮ್ಮ ಕೈಗೇ ಕೊಡಬೇಕು ಅಂತ ಹೇಳಿದ್ದರು ಅಕ್ಕ,’ ಅಂದಳು. ಇನ್ನೇನೋ ಹೇಳುವವಳಿದ್ದಳು, ಅಷ್ಟರಲ್ಲಿ ಅಮ್ಮ ಬಂದಳು. ಕೆಲವು ದಿನ ಕಳೆದು ಅತ್ತಿಗೆ ಮಗಳನ್ನು ಕರೆದುಕೊಂಡು ಕೆಮ್ಮಣ್ಣು ಊರಿನ ತಾಯಿಮನೆಗೆ ಹೋದಳು. ಅಟ್ಟದ ತುಂಡು ಬಲೆ ಬೇಕು ಎಂದು ಕೇಳಿದಳು. ಬೇರೆ ಏನೂ ಕೇಳಲಿಲ್ಲ.

ಹಣ ಬಂತು. ಮಾಸ್ಟ್ರೇ ಉಡುಪಿಯಲ್ಲಿ ಓಡಾಡಿ ತೆಗೆಸಿಕೊಟ್ಟರು. ಚೆಕ್ ಕೊಡುವಾಗ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: ‘ಟೀಚರೇ, ಕಾಗದದಲ್ಲಿ ಹೆಸರು ಇರುವವರು ತೆಗೆದುಕೊಳ್ಳುವ ಕೈ ಮಾತ್ರ. ಆ ಮಗುವನ್ನು ಮರೆಯಬೇಡಿ.’ ನಾನು ಹೂಂ ಅಂದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ, ‘ಕಟ್ಟು ಕಟ್ಟೇ. ಅವಳಿಗೆ ಅವಳ ಅಣ್ಣಂದಿರು ಇದ್ದಾರೆ’ ಅಂದಳು. ಅಮ್ಮನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಅಮ್ಮ ಹಾಗೆ ಹೇಳಲಿ ಎಂದೇ ನಾನು ಕೇಳಿದ್ದು.

ಕಾರ್ಕಳದಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು. ಗಂಡ ಗುಮಾಸ್ತ. ಒಂದು ಜಾಗ ಕ್ರಯಕ್ಕೆ ಬಂದಿತ್ತು. ಈಗ ಜಾಗ ಮಾಡುವುದು, ಆಮೇಲೆ ಸಂಬಳದಲ್ಲಿ ಉಳಿಸಿ ಅತ್ತಿಗೆಗೆ ಕೊಡುವುದು ಎಂದುಕೊಂಡೆ. ಜಾಗವಾಯಿತು. ಜಾಗ ಇದ್ದ ಮೇಲೆ ಗೋಡೆ ಬೇಡವಾ? ಕೆಂಪು ಕಲ್ಲಿನ ಗೋಡೆ, ಹಂಚು, ರೆಡ್ ಆಕ್ಸೈಡ್ ಹಾಕಿ ಉಜ್ಜಿದ ನೆಲ. ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ, ಅತ್ತಿಗೆಯನ್ನೂ ಕರೆದೆ, ಅಷ್ಟು ನಾಚಿಕೆಗೆಟ್ಟಿದ್ದೆ. ಬಂದಳು. ಬಂದವರ ಎಲೆಗೆಲ್ಲ ಪಾಯಸ ಬಡಿಸಿದ ಬಾಲ್ದಿಗಳನ್ನು ತೊಳೆದಳು. ಹೋಗುವಾಗ ನೆಲವನ್ನು ಕೈಯಲ್ಲಿ ಸವರಿ, ‘ಒಳ್ಳೆ ನುಣುಪು ಬಂದಿದೆ ಅಕ್ಕ’ ಅಂದಳು. ಅದರಲ್ಲಿ ಕೊಂಕು ಇತ್ತಾ ಎಂದು ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಇರಲಿಲ್ಲ.

‘ಆಮೇಲೆ’ ಎಂಬುದು ಬರಲೇ ಇಲ್ಲ. ಪ್ರತಿ ವರ್ಷ ಒಂದು ಕಾರಣ ಇರುತ್ತಿತ್ತು. ನಾನು ಕೆಟ್ಟವಳಲ್ಲ, ಕೊಡುವವಳೇ, ಸ್ವಲ್ಪ ತಡ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಚೆನ್ನಾಗಿ ನಿದ್ದೆ ಮಾಡಿದೆ.

ಅಣ್ಣ ಹೋಗಿ ಏಳು ವರ್ಷ ಕಳೆದ ಮೇಲೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ಮಣಿಪಾಲಕ್ಕೆ ಹೋದೆವು. ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಹುಡುಗಿ ಬಾಲ್ದಿ ಬಿಟ್ಟು ಓಡಿಬಂದು ಅಮ್ಮನ ಕೈ ಹಿಡಿದಳು. ಅಣ್ಣನದ್ದೇ ಹಣೆ, ಅಣ್ಣನದ್ದೇ ಹಲ್ಲು. ಅಮ್ಮನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಆದರೂ ಮುಟ್ಟಿ ನೋಡಿ, ‘ಯಾರಿದು, ನನ್ನ ಮಗನ ಕೈ’ ಅಂದಳು.

‘ಶಾಲೆ?’ ಅಂದೆ ನಾನು. ಟೀಚರಿಗೆ ಬೇರೆ ಎಂತ ಕೇಳಲು ಬರುತ್ತದೆ?

‘ಏಳನೇ ಕ್ಲಾಸಿಗೆ ಬಿಟ್ಟೆ ಅತ್ತೆ. ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು, ಅಮ್ಮನಿಂದ ಆಗಲಿಲ್ಲ. ಇಲ್ಲಿ ಸಂಬಳ ಉಂಟು, ಊಟ ಉಂಟು. ತೊಂದರೆ ಇಲ್ಲ.’ ಅಷ್ಟು ಹೇಳಿ ನನ್ನ ಕಾಲ ಕೆಳಗಿನ ನೆಲವನ್ನೂ ಒರೆಸಿದಳು. ನಾನು ಕಾಲೆತ್ತಿಕೊಂಡು ಕೂತಿದ್ದೆ.

ಅಮ್ಮನನ್ನು ಮನೆಗೆ ತಂದ ಮರುವಾರ ಬ್ಯಾಂಕಿನಲ್ಲಿ ಇದ್ದದ್ದನ್ನು ತೆಗೆದು, ಬಳೆ ಅಡವಿಟ್ಟು ಕೆಮ್ಮಣ್ಣಿಗೆ ಹೋದೆ. ಅತ್ತಿಗೆ ಹೊಳೆಯಿಂದ ಮರುವಾಯಿ ಹೆಕ್ಕಿ ತಂದು ಅಂಗಳದಲ್ಲಿ ಚಿಪ್ಪು ತೊಳೆಯುತ್ತಿದ್ದಳು. ಕೂದಲು ನನಗಿಂತ ಹೆಚ್ಚು ನೆರೆದಿತ್ತು. ಪಕ್ಕದಲ್ಲಿ ಬಸಳೆಯ ಚಪ್ಪರ, ಅದಕ್ಕೆ ಕೋಳಿ ಬಾರದ ಹಾಗೆ ಸುತ್ತ ಬಲೆ ಕಟ್ಟಿದ್ದಳು. ಅಣ್ಣನ ತುಂಡು. ಅವನು ಹೊಲಿದ ಗಂಟುಗಳು ಇನ್ನೂ ಗಟ್ಟಿ ಇದ್ದವು.

ಹಣದ ಕಟ್ಟು ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅಳಬಾರದು ಎಂದು ಬಂದಿದ್ದೆ, ಆಗಲಿಲ್ಲ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು, ಆದರೆ ಕಟ್ಟನ್ನು ಮುಟ್ಟಲಿಲ್ಲ.

‘ನಿಮ್ಮ ಹೆಸರು ಬರೆಸಿದ ದಿನ ನಾನು ಒಳಗೆ ಹೋಗಿ ಅತ್ತಿದ್ದೆ ಅಕ್ಕ,’ ಅಂದಳು. ‘ಮತ್ತೆ ಅವರು ಒಳಗೆ ಬಂದು ಹೇಳಿದರು, ಹೆಡ್ಡಿ, ನಿನಗೆ ಕೊಟ್ಟರೆ ಓದಲು ಬರುವುದಿಲ್ಲ, ಯಾರಾದರೂ ಹೆಬ್ಬೆಟ್ಟು ಹಾಕಿಸಿಕೊಂಡು ತಿಂದಾರು. ತಂಗಿ ಓದಿದವಳು. ರಂಪಣಿಯಲ್ಲಿ ಬೆಳೆದವಳು, ಬಂದದ್ದನ್ನು ಪಾಲು ಹಾಕದೆ ಇರುವುದು ಅವಳಿಗೆ ಗೊತ್ತೇ ಇಲ್ಲ, ಅಂತ.’

ನಾನು ಚಪ್ಪರದ ಬಲೆಯ ಕಡೆ ನೋಡಿದೆ.

‘ಎರಡು ವರ್ಷ ದಾರಿ ನೋಡಿದೆ. ಮಗಳು ಹೈಸ್ಕೂಲಿಗೆ ಸೇರಬೇಕಾದ ವರ್ಷವೂ ನೋಡಿದೆ. ಮತ್ತೆ, ನಿಮಗೇ ಏನೋ ಕಷ್ಟ ಇರಬೇಕು, ಇಲ್ಲದಿದ್ದರೆ ಅವರ ತಂಗಿ ಹೀಗೆ ಮಾಡುವವರಲ್ಲ ಅಂತ ಸುಮ್ಮನಾದೆ. ಈಗ ಈ ಹಣದಿಂದ ಅವಳು ಎಂಟನೇ ಕ್ಲಾಸಿಗೆ ಹೋಗುವುದು ಉಂಟಾ ಅಕ್ಕ? ಬಳೆ ಬಿಡಿಸಿಕೊಳ್ಳಿ. ಕೈ ಬೋಳಾಗಿ ಕಾಣುತ್ತದೆ.’

ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಆಮೇಲೆ ಅವಳ ಮಗಳ ಹೆಸರಿಗೆ ಬ್ಯಾಂಕಿನಲ್ಲಿ ಹಾಕಿದೆ, ಅದನ್ನು ದೊಡ್ಡ ಸಂಗತಿಯೆಂದು ಇಲ್ಲಿ ಹೇಳುತ್ತಿಲ್ಲ. ಮಾಸ್ಟ್ರು ಹೇಳಿದ್ದು ಸರಿಯೇ ಇತ್ತು: ಮುಖ ಗೊತ್ತಿಲ್ಲದ ಸಾವಿರ ಜನ ಒಬ್ಬ ಮೀನುಗಾರನ ಮಗುವಿಗೆಂದು ತಮ್ಮ ತಮ್ಮ ಕಡ್ಡಿ ಹಾಕಿದ್ದರು. ಅದನ್ನು ಸಮಾಜವಾದ ಅನ್ನಿ, ಜವಾಬ್ದಾರಿ ಅನ್ನಿ. ಹಗ್ಗ ಬಿಟ್ಟವಳು ಮುಖ ಗೊತ್ತಿದ್ದ ಒಬ್ಬಳೇ, ಅವನು ಎತ್ತಿಕೊಂಡು ತಿರುಗಿದ ತಂಗಿ.

ಹೊರಟಾಗ ಅತ್ತಿಗೆ ‘ನಿಲ್ಲಿ’ ಎಂದು ತೊಳೆದ ಮರುವಾಯಿಯನ್ನು ಎರಡು ಗುಪ್ಪೆ ಮಾಡಿದಳು. ಒಂದನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ನನ್ನ ಕೈಗೆ ಕೊಟ್ಟಳು. ‘ಅತ್ತೆಗೆ ಇಷ್ಟ. ಅವರ ಮನೆಯ ಪಾಲು ಇದು,’ ಅಂದಳು.

ಬೇಡ ಅನ್ನಬೇಕಿತ್ತು. ಅದನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ.