ಹುಣಸೆಯ ಎರಡು ನೆರಳು

ಬಯಲಲ್ಲಿ ಕೂತು ಚಿತ್ರ ಬರೆದರೆ ಮನಸ್ಸಿಗೆ ಶಾಂತಿ ಎಂದು ಯಾರಾದರೂ ಹೇಳಿದರೆ, ಅವರು ಮನೆಯೊಳಗೆ ಕೂತು ಬರೆಯುವವರೆಂದು ತಿಳಿಯಿರಿ. ಉಮರ್ಗಾದಿಂದ ಉದಗೀರದವರೆಗೆ ನನ್ನಷ್ಟು ಚೆಂದ ಬಣ್ಣ ಹಚ್ಚುವವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳಲಿಲ್ಲ. ಅಂಥ ನನ್ನ ಗತಿ ಕೇಳಿ: ಗಾಳಿಗೆ ಕಾಗದ ಹಾರುತ್ತದೆ, ಕುಂಚ ತೊಳೆಯುವ ನೀರನ್ನು ಮೇಕೆ ಕುಡಿಯುತ್ತದೆ, ಹಸಿ ಆಕಾಶಕ್ಕೆ ನೊಣ ಅಂಟಿ ಹದ್ದಾಗುತ್ತದೆ. ಎಲ್ಲಕ್ಕಿಂತ ದೊಡ್ಡ ದ್ರೋಹಿ ನೆರಳು. ಬಣ್ಣ ಕಲಸುವಷ್ಟರಲ್ಲಿ ಎದ್ದು ಪಕ್ಕಕ್ಕೆ ಹೋಗಿ ಕೂತಿರುತ್ತದೆ.

ನಿಜಾಮನ ಆಳ್ವಿಕೆ ಮುಗಿದ ಹೊಸತು. ಸರಕಾರದವರು ಹೊಲ ಅಳೆಯಲು ಬರುತ್ತಾರೆಂದು ಎಲ್ಲೆಲ್ಲೂ ಸುದ್ದಿ. ಅಂಥದರಲ್ಲಿ ಒಂದು ಮುಂಜಾನೆ ಕಾಸಾರಶಿರಸಿಯ ಹೊರಗೆ, ಎರಡು ಹೊಲಗಳ ನಡುವಿನ ಬದುವಿನ ಮೇಲಿದ್ದ ಹುಣಸೆಮರದ ಎದುರು ಕೂತೆ. ಒಂದು ಕಣ್ಣು ಮುಚ್ಚಿ, ಕುಂಚವನ್ನು ನೆಟ್ಟಗೆ ಹಿಡಿದು ಮರದ ಅಂದಾಜು ನೋಡಿದ್ದೇ ತಪ್ಪಾಯಿತು. ಪಡುವಣ ಹೊಲದ ಶರಣಪ್ಪ ಓಡಿಬಂದ.

"ಸಾಹೇಬ್ರ, ಅಳ್ಯಾಕ ಬಂದೀರೇನ್ರಿ? ಈ ಗಿಡಾ ನಂದರಿ. ಮೂಡಲ ಹೊಲದಾಂವ ನನ್ನ ತಮ್ಮ ಮಲ್ಲಪ್ಪ, ಅಂವಾ ತನ್ನದು ಅಂತಾನ. ಇವತ್ತ ಫೈಸಲಾ ಆಗಲಿಲ್ಲಂದ್ರ ಕಡದ ಬಿಡ್ತೀನಿ ಅಂದಾನ!"

ನಾನು ಬಣ್ಣದವನಪ್ಪಾ ಎನ್ನಬೇಕಿತ್ತು. ಆದರೆ ನನ್ನ ನಾಲಿಗೆ ಹುಟ್ಟಾ ಕಿಡಿಗೇಡಿ. "ನೆಳ್ಳ ಯಾರ ಹೊಲದಾಗ ಬೀಳ್ತದೋ ಗಿಡಾ ಅವರದು," ಎಂದೆ, ಥೇಟ್ ಅಧಿಕಾರಿಯಂತೆ. ಆಗ ನೆರಳು ಅವನ ಹೊಲದಲ್ಲೇ ಇತ್ತು, ಹಾಗೇ ಬರೆದೆ. ಶರಣಪ್ಪ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟು, ನೆರಳಿನ ಲೆಕ್ಕದಲ್ಲಿ ಗೆದ್ದೆನೆಂದು ಬದುವಿನಾಚೆಗೂ ಕೇಳುವಂತೆ ಕೂಗಿಕೊಂಡ. ನಾನು ಉಂಡು ಒರಗಿದೆ.

ಎಚ್ಚರಾದಾಗ ಹೊತ್ತು ವಾಲಿತ್ತು. ಆ ದ್ರೋಹಿ ನೆರಳು ಬದು ದಾಟಿ ಮೂಡಲ ಹೊಲದಲ್ಲಿ ಉದ್ದಕ್ಕೆ ಮಲಗಿತ್ತು. ಅದರ ಮೇಲೆ ಮಲ್ಲಪ್ಪ, ಹೆಗಲ ಮೇಲೆ ಕೊಡಲಿ.

"ಈಗ ನೆಳ್ಳ ಎಲ್ಲದರೀ ಸಾಹೇಬ್ರ? ಇದನ್ನೂ ಬರೀರಿ. ಇಲ್ಲಂದ್ರ ಈ ಕೊಡಲಿ ಬುಡಕ್ಕ ಬೀಳ್ತದ."

ಬುಡವೆಂದರೆ ಮರದ್ದೋ ನನ್ನದೋ ಎಂದು ಕೇಳುವ ಧೈರ್ಯವಾಗಲಿಲ್ಲ. ಬೆಳಗಿನ ನೆರಳು ಒಣಗಿತ್ತು, ಅಳಿಸಲಾಗದು. ಅಣ್ಣನ ರೊಟ್ಟಿ ಬೇರೆ ಹೊಟ್ಟೆಯಲ್ಲಿತ್ತು. ಹಲ್ಲು ಕಚ್ಚಿ ಇನ್ನೊಂದು ನೆರಳನ್ನೂ ಹಾಕಿದೆ. ಅಷ್ಟರಲ್ಲಿ ಶರಣಪ್ಪನೂ ಓಡಿಬಂದ. ಅಣ್ಣತಮ್ಮಂದಿರು ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು.

"ಅಂದ್ರ ಮುಂಜಾನಿ ನಂದು," ಎಂದ ಶರಣಪ್ಪ.

"ಹೊತ್ತ ತಿರಗಿದ ಮ್ಯಾಲ ನಂದು. ಕಾಯಿ ಅರ್ಧಾ ಅರ್ಧಾ. ಹ್ಞೂಂ ಅನ್ನು ಅಣ್ಣಾ."

"ಹ್ಞೂಂ."

ಕೊಡಲಿ ಕೆಳಗಿಳಿಯಿತು. ಆಮೇಲೆ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು: "ಇಷ್ಟ ಹೇಳ್ಲಾಕ ಇಡೀ ದಿನಾ ಬೇಕಾತೇನ್ರಿ?"

ಉದಗೀರದಲ್ಲಿ ಚಿತ್ರಕಲೆ ಕಲಿಸುವ ಗೆಳೆಯನಿಗೆ ಆ ಚಿತ್ರ ತೋರಿಸಿದೆ. ಅವನು ಹಣೆ ಚಚ್ಚಿಕೊಂಡ. "ಒಂದ ಗಿಡಕ್ಕ ಎರಡು ನೆಳ್ಳೇನೋ ಮಾರಾಯಾ? ಶಿರಸ್ಯಾಗ ಇಬ್ಬರು ಸೂರ್ಯ ಅದಾರೇನು?"

"ಸೂರ್ಯ ಒಬ್ಬಾಂವ," ಎಂದೆ. "ಅಣ್ಣತಮ್ಮರು ಇಬ್ಬರಿದ್ರು."